8 ಅಡಿಯ ಬೆಂಡು: ಗೋವಾದಲ್ಲಿ ನನ್ನ ಮೊದಲ ಸರಿಯಾದ ಸರ್ಫ್‌ಬೋರ್ಡು

ಅಲೆಯ ಮೇಲೆ ನಿಂತು ಜಾರುವ ಈ ಬೋರ್ಡು ಮನೆಗೆ ಬಂದು ಎರಡು ಹಂಗಾಮು ಕಳೆಯಿತು. 8 ಅಡಿ ಉದ್ದ, 22.5 ಇಂಚು ಅಗಲ, 3.25 ಇಂಚು ದಪ್ಪ. ಮೇಲೆ ಮೆತ್ತನೆಯ ನೀಲಿ ಫೋಮು, ಕೆಳಗೆ ನುಣುಪಾದ ಬಿಳಿ ಪ್ಲಾಸ್ಟಿಕ್ಕು, ತಳದ ಹಿಂಭಾಗದಲ್ಲಿ ಮೀನಿನ ರೆಕ್ಕೆಯಂಥ ಮೂರು ಫಿನ್ನು. ಹೊಟ್ಟೆಯ ಮೇಲೆ ಅದರ ಗಾತ್ರ 84 ಲೀಟರ್ ಎಂದು ಅಚ್ಚು. ಉತ್ತರ ಗೋವಾದ ಅಶ್ವೆಂ ತೀರದ ಸರ್ಫಿಂಗ್ ಶಾಲೆಯೊಂದು ಮೇ ತಿಂಗಳಲ್ಲಿ, ಮಳೆಗಾಲಕ್ಕೆ ಬಾಗಿಲು ಹಾಕುವ ಮುಂಚೆ ತನ್ನ ಹಳೇ ಬೋರ್ಡುಗಳನ್ನು ಮಾರಾಟಕ್ಕಿಟ್ಟಿತ್ತು. 14,000 ರೂಪಾಯಿ ಕೊಟ್ಟು ತಂದೆ. ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ, ಅಂದರೆ ಲೀಶ್, ಹೊಸದಾಗಿ ಬೇರೆ ಕೊಂಡೆ. ಮೊದಲ ಬೋರ್ಡು ಹುಡುಕುತ್ತಿರುವವರು ಇಲ್ಲಿಗೇ ಓದು ನಿಲ್ಲಿಸುವುದಾದರೆ ಒಂದು ಮಾತು ಹಿಡಿದುಕೊಂಡು ಹೋಗಿ: ಇಂಥದ್ದನ್ನೇ ತಗೊಳ್ಳಿ. ದೊಡ್ಡದು, ಮೆತ್ತನೆಯದು, ಯಾರೋ ಒಬ್ಬರು ಬಳಸಿ ಬಿಟ್ಟದ್ದು.

ನಾನು ರೋಣ ತಾಲ್ಲೂಕಿನ ಎರೆ ನೆಲದವನು. ಸಮುದ್ರ ಕಂಡದ್ದೇ ಇಪ್ಪತ್ತಾರನೇ ವಯಸ್ಸಿಗೆ, ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಲೋಂಡಾ, ಕ್ಯಾಸಲ್ ರಾಕ್, ದೂಧಸಾಗರ ದಾಟಿ ವಾಸ್ಕೋಗೆ ಕೆಲಸಕ್ಕೆ ಬಂದಾಗ. ಈಜು ಮಾತ್ರ ಏಳೆಂಟು ವರ್ಷದವನಿದ್ದಾಗಲೇ ಬಂದಿತ್ತು. ಹೊಲದ ಬಾವಿಯಲ್ಲಿ ಮಾವ ಕಲಿಸಿದ್ದು. ಒಣಗಿದ ಕತ್ತಾಳೆ ದಿಂಡನ್ನು ಮೊಳದುದ್ದ ಕಡಿದು, ನಾಲ್ಕು ತುಂಡು ಜೋಡಿಸಿ, ಬೆನ್ನಿಗೆ ಹಗ್ಗದಲ್ಲಿ ಬಿಗಿದು ಮೆಟ್ಟಿಲ ಮೇಲಿಂದ ನೂಕುತ್ತಿದ್ದ. ಬೆಂಡು ಅಂತೇವೆ ಅದಕ್ಕೆ. ನೀರು ಕುಡಿದು ಕೆಮ್ಮಿದರೂ ಮುಳುಗುವ ಭಯವಿರಲಿಲ್ಲ. ಒಂದು ವಾರಕ್ಕೆ ನಾಲ್ಕು ತುಂಡು ಮೂರಾಯಿತು, ಮೂರು ಎರಡಾಯಿತು. ಕೊನೆಗೊಂದು ದಿನ ಮಾವ ಬೆಂಡು ತೆಗೆದು ಬರೀ ಹಗ್ಗವನ್ನೇ ಬೆನ್ನಿಗೆ ಸುತ್ತಿ ನೂಕಿದ. ಆಚೆ ದಡ ಮುಟ್ಟಿದ ಮೇಲೆಯೇ ಗೊತ್ತಾದದ್ದು ನನಗೆ.

ಈ ಬೆಂಡಿನ ಮಾತು ಸುಮ್ಮನೆ ತೆಗೆದದ್ದಲ್ಲ. ಸರ್ಫ್‌ಬೋರ್ಡು ಹುಟ್ಟಿದ ಹವಾಯಿ ದ್ವೀಪಗಳಲ್ಲಿ ಹಿಂದಿನವರು ಅತಿ ಉದ್ದದ ಹಲಗೆಗಳನ್ನು ವಿಲಿವಿಲಿ ಎಂಬ ಹಗುರ ಮರದಲ್ಲಿ ಮಾಡುತ್ತಿದ್ದರು. ಆ ವಿಲಿವಿಲಿಯೂ ನಮ್ಮ ಕಡೆಯ ಹಾಲುವಾಣವೂ ಒಂದೇ ಕುಲದ ಮರಗಳು, ಎರಡೂ ಎರಿಥ್ರೀನಾ. ಕೆಂಪು ಹೂ ಬಿಡುವ, ಮುಳ್ಳು ಕಾಂಡದ, ಒಲೆಗೆ ಹಾಕಿದರೆ ನೆಟ್ಟಗೆ ಉರಿಯಲೂ ಆಗದ ಆ ಮರ. ಅದು ತಿಳಿದ ದಿನ ಸರ್ಫಿಂಗು ಬೇರೆ ಯಾರದೋ ಆಟ ಎಂಬ ಹಿಂಜರಿಕೆ ನನ್ನಲ್ಲಿ ಅರ್ಧ ಕಡಿಮೆಯಾಯಿತು. ನೀರಿನ ಮೇಲೆ ಹಗುರವಾದದ್ದನ್ನು ನಂಬಿ ಮಲಗುವ ವಿದ್ಯೆ ನಮ್ಮ ಬಾವಿಗಳಲ್ಲೂ ಇತ್ತು.

ಶುರುವಾದದ್ದು ಮಗಳಿಂದ. ಅವಳ ಹತ್ತನೇ ಹುಟ್ಟುಹಬ್ಬಕ್ಕೆ ಏನು ಬೇಕು ಅಂದರೆ ಸರ್ಫಿಂಗ್ ಪಾಠ ಅಂದಳು. ಕರೆದುಕೊಂಡು ಹೋದವನು ದಂಡೆಯಲ್ಲಿ ಕೂತು ಎಷ್ಟು ಹೊತ್ತು ನೋಡುವುದು, ನಾನೂ ಇಳಿದೆ. ಕಲಿಸಿದ ಹುಡುಗ ಮೂಲ್ಕಿಯವನು, ಕನ್ನಡ ಕಿವಿಗೆ ಬಿದ್ದದ್ದೇ ನನಗೆ ಧೈರ್ಯ ಬಂತು. ಮೂಲ್ಕಿಗೆ ಈ ವಿದ್ಯೆಯಲ್ಲಿ ದೊಡ್ಡ ಹೆಸರಿದೆ ಎಂಬುದು ನಮ್ಮ ಬಯಲುಸೀಮೆಯಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಸರ್ಫಿಂಗ್ ಸ್ವಾಮಿ ಎಂದು ಹೆಸರಾದ, ಅಮೆರಿಕದಿಂದ ಬಂದ ಜಾಕ್ ಹೆಬ್ನರ್ 2004ರಲ್ಲಿ ಅಲ್ಲಿ ಮಂತ್ರ ಸರ್ಫ್ ಕ್ಲಬ್ ಕಟ್ಟಿದರು. ಪಕ್ಕದ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು, ಆಮೇಲೂ ಅಲ್ಲಿ ಸ್ಪರ್ಧೆಗಳಾಗಿವೆ. ಆ ಹುಡುಗ ನನಗೆ ಅಣ್ಣ ಅನ್ನುತ್ತಾನೆ, ನಾನು ಅವನಿಗೆ ತಮ್ಮಾ ಅನ್ನುತ್ತೇನೆ. ಅವನ ಮಾತು ಮೊದಲೇ ಕೇಳಿದ್ದರೆ ನನ್ನ 11,000 ರೂಪಾಯಿ ಉಳಿಯುತ್ತಿತ್ತು.

ಆ ಕಥೆ ಹೀಗೆ. ನಾಲ್ಕನೇ ಪಾಠದ ಹೊತ್ತಿಗೆ ನೊರೆ ಅಲೆಯ ಮೇಲೆ ಮೂರು ನಾಲ್ಕು ಸೆಕೆಂಡು ನಿಲ್ಲಲು ಬಂದಿತ್ತು. ಪ್ರತಿ ಭಾನುವಾರ ಬಾಡಿಗೆ ಕೊಡುವ ಬದಲು ನಮ್ಮದೇ ಒಂದು ಇರಲಿ ಅನಿಸಿತು. ಅದೇ ಹೊತ್ತಿಗೆ ಅರಂಬೋಲಿನಲ್ಲಿ ತನ್ನ ದೇಶಕ್ಕೆ ಹೊರಟಿದ್ದ ಒಬ್ಬ ಪ್ರವಾಸಿ ತನ್ನ ಬೋರ್ಡು ಮಾರುತ್ತಿದ್ದ. 6 ಅಡಿ 2 ಇಂಚು, ಚೂಪು ಮೂತಿ, ಫೈಬರ್‌ಗ್ಲಾಸಿನ ಹೊಳಪು. ಕಂಕುಳಲ್ಲಿ ಇಟ್ಟುಕೊಂಡರೆ ಭಾರವೇ ಇಲ್ಲ. ಹೊಸತರ ಮೂರನೇ ಒಂದು ಪಾಲಿನ ಬೆಲೆ, ಕಲಿಯುವವರಿಗೂ ಇದೇ ಸರಿ, ಬೇಗ ಕಲಿಯುತ್ತೀರಿ ಅಂದ. ನಂಬಿ ಕೊಟ್ಟೆ. ಎಂಟು ಭಾನುವಾರ ಅದರೊಂದಿಗೆ ನೀರಿಗಿಳಿದೆ. ಮಲಗಿದರೆ ಬೋರ್ಡು ಎದೆಯ ಕೆಳಗೆ ಮುಳುಗುತ್ತಿತ್ತು, ನೀರು ಗದ್ದಕ್ಕೆ ಬರುತ್ತಿತ್ತು. ಎಷ್ಟು ಕೈ ಬಡಿದರೂ ಅಲೆ ಕೆಳಗಿನಿಂದ ದಾಟಿ ಹೋಗುತ್ತಿತ್ತೇ ಹೊರತು ನನ್ನನ್ನು ಎತ್ತಿಕೊಳ್ಳುತ್ತಿರಲಿಲ್ಲ. ಶಾಲೆಯ ಬೋರ್ಡಿನಲ್ಲಿ ಕಲಿತ ನಾಲ್ಕು ಸೆಕೆಂಡೂ ಕೈಬಿಟ್ಟಿತು. ನನ್ನಲ್ಲೇ ಏನೋ ಕೊರತೆ ಎಂದುಕೊಂಡು ಮನೆಯಲ್ಲಿ ದಂಡ ಹೊಡೆದೆ, ತೂಕ ಇಳಿಸಲು ರಾತ್ರಿ ಊಟ ಕಡಿಮೆ ಮಾಡಿದೆ.

ಒಂಬತ್ತನೇ ಭಾನುವಾರ ಮೂಲ್ಕಿಯ ಹುಡುಗ ಅದನ್ನು ನೋಡಿದ. ತಿರುಗಿಸಿ, ನಡುವಿನ ಮರದ ಪಟ್ಟಿಯ (ಸ್ಟ್ರಿಂಗರ್) ಪಕ್ಕ ಪೆನ್ಸಿಲಿನಲ್ಲಿ ಬರೆದಿದ್ದ ಅಂಕಿ ಓದಿದ.

"ಅಣ್ಣ, ಬೋರ್ಡು ಚಂದ ಉಂಟು. ಆದ್ರೆ ನಿಮಗೆ ಈಗ ಇದು ಆಗುದಿಲ್ಲ ಮಾರಾಯ್ರೆ. ಇಪ್ಪತ್ತೊಂಬತ್ತು ಲೀಟರ್ ಇದು. ನಿಮ್ಮ ತೂಕ ಎಷ್ಟು?"

"ಎಪ್ಪತ್ತಾರು ಕಿಲೋ, ತಮ್ಮಾ."

"ಹಾಗಾದ್ರೆ ನೀರು ನಿಮ್ಮನ್ನು ಹೇಗೆ ಎತ್ತುದು?"

ಆ ಒಂದು ಪ್ರಶ್ನೆಯಲ್ಲಿ ಬೋರ್ಡು ಆರಿಸುವ ವಿದ್ಯೆಯ ಮುಕ್ಕಾಲು ಪಾಲು ಇದೆ. ನಾನು ವೆರ್ಣಾದ ಔಷಧ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆಯ ಕೆಲಸ ಮಾಡುವವನು. ದಿನವಿಡೀ ಲೀಟರು, ಗ್ರಾಮು ಅಳೆಯುವವನಿಗೆ ಇದು ಹೊಳೆಯಲಿಲ್ಲವಲ್ಲ ಎಂದು ಆ ದಿನ ಬಹಳ ನೊಂದುಕೊಂಡೆ. ಲೆಕ್ಕ ಇಷ್ಟೇ: ಸಮುದ್ರದ ನೀರು ಲೀಟರಿಗೆ ಸುಮಾರು 1.025 ಕಿಲೋ ತೂಗುತ್ತದೆ. 29 ಲೀಟರಿನ ಬೋರ್ಡು ಪೂರ್ತಿ ಮುಳುಗಿದರೂ ಎತ್ತಿ ಹಿಡಿಯುವುದು 30 ಕಿಲೋಗಿಂತ ಕಡಿಮೆ, ಅದರಲ್ಲೂ ತನ್ನದೇ ಭಾರ ಕಳೆಯಬೇಕು. ಉಳಿದ ಭಾರಕ್ಕೆ ನನ್ನ ಮೈ ಅರ್ಧ ನೀರಲ್ಲಿ ಮುಳುಗಿಯೇ ತೇಲಬೇಕು. ಮುಳುಗಿದ ಎದೆ, ಹೊಟ್ಟೆ, ತೊಡೆ ಎಲ್ಲ ನೀರನ್ನು ತಡೆಯುತ್ತವೆ, ವೇಗ ಬರುವುದಿಲ್ಲ. ಅಲೆಯ ವೇಗಕ್ಕೆ ನಮ್ಮ ವೇಗ ಹತ್ತಿರ ಬಂದರೆ ಮಾತ್ರ ಅಲೆ ನಮ್ಮನ್ನು ಎತ್ತಿಕೊಂಡು ಹೋಗುತ್ತದೆ. 84 ಲೀಟರಿನದು 86 ಕಿಲೋ ತನಕ ಎತ್ತುತ್ತದೆ. ಅದರ ತೂಕ 6 ಕಿಲೋ ಕಳೆದರೂ 80 ಉಳಿಯಿತು, ನಾನು 76. ಹಾಗಾಗಿ ಅದರ ಮೇಲೆ ಮಲಗಿದರೆ ನಾನು ಪೂರ್ತಿ ನೀರಿನ ಮೇಲೇ ಇರುತ್ತೇನೆ. ಕೈ ಮಾತ್ರ ನೀರಲ್ಲಿ.

ಪಳಗಿದವರು 29 ಲೀಟರಿನದರಲ್ಲಿ ಹೇಗೆ ಆಡುತ್ತಾರೆ ಅಂದರೆ, ಅವರ ತೋಳಿಗೆ ಬಲವಿದೆ, ಅಲೆ ಮುರಿಯುವ ಸರಿಯಾದ ಬಿಂದುವಿನಲ್ಲಿ ಅವರು ಮೊದಲೇ ಕೂತಿರುತ್ತಾರೆ, ಕಡಿದಾದ ಅಲೆಯೇ ಅವರಿಗೆ ವೇಗ ಕೊಡುತ್ತದೆ. ಒಮ್ಮೆ ವೇಗ ಬಂತೆಂದರೆ ಸಣ್ಣ ಬೋರ್ಡೂ ನೀರಿನ ಮೇಲೆ ಜಾರುತ್ತದೆ. ನಮಗೆ ಆ ತೋಳೂ ಇಲ್ಲ, ಆ ಕಣ್ಣೂ ಇನ್ನೂ ಬಂದಿಲ್ಲ.

ಗೋವಾದ ಅಲೆಯೂ ಅಂಥದ್ದಲ್ಲ ಎಂಬುದು ಇನ್ನೂ ಮುಖ್ಯ. ಇದನ್ನು ಅಂತರ್ಜಾಲದ ವಿದೇಶಿ ಸಲಹೆಗಳನ್ನು ಓದಿ ಬೋರ್ಡು ಕೊಳ್ಳುವವರು ಗಮನಿಸಬೇಕು. ಇಲ್ಲಿ ಸರ್ಫಿಂಗ್ ಹಂಗಾಮು ಅಕ್ಟೋಬರಿನಿಂದ ಮೇ ತನಕ. ನವೆಂಬರಿನಿಂದ ಫೆಬ್ರವರಿವರೆಗೆ ಬಹಳ ದಿನ ಅಲೆ ಮೊಣಕಾಲು, ಹೆಚ್ಚೆಂದರೆ ಸೊಂಟದ ಎತ್ತರ. ಕೆಲವು ದಿನ ಕೆರೆಯಂತೆ ಮಲಗಿಬಿಟ್ಟಿರುತ್ತದೆ ಸಮುದ್ರ. ಅಶ್ವೆಂ, ಮೊರ್ಜಿಂ, ಮಾಂದ್ರೆ, ಅರಂಬೋಲ್ ತೀರಗಳೆಲ್ಲ ಮರಳು ನೆಲದವು. ಅಲ್ಲಿ ಅಲೆ ನಿಧಾನಕ್ಕೆ ಎದ್ದು ಸೌಮ್ಯವಾಗಿ ಮುರಿಯುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಸಮುದ್ರ ಸಿಗುವುದು ಕಷ್ಟ. ಆದರೆ ಇಷ್ಟು ಮೆತ್ತಗಿನ ಅಲೆಯ ತಳ್ಳು ನಮ್ಮನ್ನು ಮುಟ್ಟಬೇಕಾದರೆ ಬೋರ್ಡು ಅಗಲವಾಗಿರಬೇಕು, ದಪ್ಪವಾಗಿರಬೇಕು, ತಳ ಹೆಚ್ಚು ಬಾಗಿರಬಾರದು. ಮೂತಿಯಿಂದ ಬಾಲದವರೆಗಿನ ಆ ಬಾಗಿಗೆ ರಾಕರ್ ಅನ್ನುತ್ತಾರೆ. ನನ್ನ ಚೂಪು ಮೂತಿಯ ಬೋರ್ಡು ಬಾಳೆಹಣ್ಣಿನಂತೆ ಬಾಗಿತ್ತು. ಈ ನೀಲಿಯದು ಹೆಚ್ಚು ಕಡಿಮೆ ರೊಟ್ಟಿ ಬಡಿಯುವ ಮಣೆಯಷ್ಟು ಸಪಾಟು, ಮೂತಿಯ ಹತ್ತಿರ ಮಾತ್ರ ಒಂಚೂರು ಎದ್ದಿದೆ.

ಕೊಳ್ಳಲು ಹೋದಾಗ ಶಾಲೆಯವರು ಹನ್ನೆರಡು ಬೋರ್ಡು ಮರಳ ಮೇಲೆ ಸಾಲಾಗಿ ಹಾಸಿದ್ದರು. ಹುಡುಗ ಪಕ್ಕದಲ್ಲಿ ಕೂತು ಒಂದೊಂದನ್ನೂ ಹೇಗೆ ನೋಡಬೇಕೆಂದು ಹೇಳಿಕೊಟ್ಟ, ಅಲ್ಲಿ ನನ್ನ ಕಾರ್ಖಾನೆಯ ಬುದ್ಧಿಯೂ ಕೆಲಸಕ್ಕೆ ಬಂತು. ಫೋಮ್ ಬೋರ್ಡಿನ ಹೊಟ್ಟೆಯೊಳಗಿರುವುದು ನಮಗೆಲ್ಲ ಗೊತ್ತಿರುವ ಥರ್ಮಾಕೋಲೇ, ಒತ್ತಾಗಿ ಕಟ್ಟಿದ್ದು. ಅದರೊಳಗೆ ಉದ್ದಕ್ಕೆ ಎರಡು ಮೂರು ಮರದ ಪಟ್ಟಿ ಇರುತ್ತವೆ, ಅವೇ ಸ್ಟ್ರಿಂಗರ್. ಅದು ಮುರಿದಿದ್ದರೆ ನಡುವೆ ಅಡ್ಡಲಾಗಿ ಒಂದು ಮಡಿಕೆ ಗೆರೆ ಕಾಣುತ್ತದೆ. ಎರಡೂ ತುದಿ ಹಿಡಿದು ಮೆಲ್ಲಗೆ ಬಗ್ಗಿಸಿದರೆ ಒಳಗಿಂದ ಕಟಕಟ ಶಬ್ದ ಬರುತ್ತದೆ. ಹನ್ನೆರಡರಲ್ಲಿ ಮೂರಕ್ಕೆ ಆ ಶಬ್ದವಿತ್ತು, ಅವನ್ನು ಬದಿಗಿಟ್ಟೆ. ತಳದ ಪ್ಲಾಸ್ಟಿಕ್ಕಿನಲ್ಲಿ ಗುಳ್ಳೆ ಎದ್ದಿದ್ದರೆ ಹಾಳೆ ಥರ್ಮಾಕೋಲನ್ನು ಬಿಟ್ಟಿದೆ ಎಂದರ್ಥ. ಅಂಥವು ಎರಡಿದ್ದವು. ಫಿನ್ ಹಿಡಿದು ಅಲ್ಲಾಡಿಸಿದರೆ ಬುಡ ಅಲುಗಬಾರದು. ಲೀಶ್ ಕಟ್ಟುವ ಗುಂಡಿಯ ಸುತ್ತ ಬಿರುಕಿರಬಾರದು. ಇದಕ್ಕೆಲ್ಲ ಮೇಲೆ ತೂಕ. ಒಂದೇ ಅಳತೆಯ ಎರಡು ಬೋರ್ಡು ಎತ್ತಿ ನೋಡಿ. ಒಂದು ಭಾರ ಅನಿಸಿದರೆ ಅದರ ಹೊಟ್ಟೆಯಲ್ಲಿ ನೀರಿದೆ. ನಾನು ಮೀನು ತೂಗುವ ಕೊಕ್ಕೆ ಕಾಟಾ ಒಯ್ದಿದ್ದೆ, ಒಂದು ಬೋರ್ಡು ಪಕ್ಕದ್ದಕ್ಕಿಂತ ಒಂದೂವರೆ ಕಿಲೋ ಹೆಚ್ಚು ತೂಗಿತು. ಬಾಲ ಕೆಳಗೆ ಮಾಡಿ ನಿಲ್ಲಿಸಿದಾಗ ಫಿನ್ನಿನ ತಿರುಪು ತೂತಿನಿಂದ ನೀರು ತೊಟ್ಟಿಕ್ಕಿತು. ನಾನು ಆರಿಸಿದ್ದಕ್ಕೆ ಹಿಮ್ಮಡಿ ಊರಿ ಊರಿ ಮೇಲಿನ ಫೋಮಿನಲ್ಲಿ ಎರಡು ತಗ್ಗು ಬಿದ್ದಿವೆ, ಬದಿಯಲ್ಲಿ ಒಂದು ಗೀರು. ಅಷ್ಟೇ. ಆ ತಗ್ಗುಗಳಿಂದ ಒಂದು ಲಾಭವೂ ಆಯಿತು, ಕಾಲು ಎಲ್ಲಿ ಬರಬೇಕೆಂದು ಕಣ್ಣು ಮುಚ್ಚಿದರೂ ತಿಳಿಯುತ್ತದೆ.

ಅಕ್ಟೋಬರಿನ ಮೊದಲ ಭಾನುವಾರ, ಬೆಳಗ್ಗೆ ಆರೂವರೆ. ಗಾಳಿ ಇನ್ನೂ ನೆಲದ ಕಡೆಯಿಂದ ಸಮುದ್ರಕ್ಕೆ ಬೀಸುತ್ತಿತ್ತು, ನೀರು ಎಣ್ಣೆ ಹಚ್ಚಿದ ಹಾಗೆ. ಸೊಂಟದ ನೀರಲ್ಲಿ ಬೋರ್ಡಿನ ಮೇಲೆ ಮಲಗಿದೆ. ಮುಳುಗಲಿಲ್ಲ. ಮೂತಿ ನೀರಿನಿಂದ ಎರಡು ಬೆರಳು ಮೇಲಿರುವಂತೆ ಮೈ ಹಿಂದೆ ಮುಂದೆ ಸರಿಸಿಕೊಂಡೆ. ಈ ಎರಡು ಬೆರಳು ಬಹಳ ಮುಖ್ಯ. ಮುಂದೆ ಸರಿದರೆ ಅಲೆ ಎತ್ತಿದಾಗ ಮೂತಿ ನೀರಿಗೆ ಚುಚ್ಚಿ ನಿಮ್ಮನ್ನು ಪಲ್ಟಿ ಹೊಡೆಸುತ್ತದೆ, ಹಿಂದೆ ಸರಿದರೆ ಬಾಲ ಮುಳುಗಿ ಬ್ರೇಕು ಹಾಕಿದಂತಾಗುತ್ತದೆ. ನೊರೆ ಬಂತು, ನಾಲ್ಕು ಸಲ ಕೈ ಹಾಕಿದೆ, ಹಿಂದಿನಿಂದ ಯಾರೋ ಎರಡೂ ಅಂಗೈ ಊರಿ ನೂಕಿದ ಹಾಗಾಯಿತು. ಮಾವನ ಕೈ ನೆನಪಾಯಿತು. ಎದ್ದು ನಿಂತೆ, ದಂಡೆಯ ತನಕ ನಿಂತೇ ಬಂದೆ. ಮರಳಿಗೆ ಫಿನ್ನು ತಾಗಿದಾಗ ಇಳಿದೆ. ಆ ಬೆಳಗ್ಗೆ ಹನ್ನೊಂದು ಸಲ ನಿಂತೆ ಎಂದು ಮಗಳು ಎಣಿಸಿದ್ದಾಳೆ. ಎಂಟು ಭಾನುವಾರದಲ್ಲಿ ಒಮ್ಮೆಯೂ ಆಗದ್ದು ಒಂದೇ ಬೆಳಗ್ಗೆ.

ಇದಾದ ಮೇಲೆ "ಅಪ್ಪಾ, ಈಗ ನಾ" ಎಂದು ಅವಳು ಬೋರ್ಡು ಕಿತ್ತುಕೊಂಡಳು. 38 ಕಿಲೋದವಳಿಗೆ ಇದು ಬೇಕಾದ್ದಕ್ಕಿಂತ ದೊಡ್ಡದು. ಎತ್ತಿಕೊಂಡು ಬರಲು ಆಗುವುದಿಲ್ಲ, ತಿರುಗಿಸುವುದೂ ಕಷ್ಟ. ಆದರೂ ಮೊಣಕಾಲೆತ್ತರದ ಅಲೆಯಲ್ಲಿ ಅವಳು ಅದರ ಮೇಲೆ ಮುಂದಕ್ಕೆ ನಾಲ್ಕು ಹೆಜ್ಜೆ ನಡೆದು ವಾಪಸು ಬರುತ್ತಾಳೆ.

ಫಿನ್ನಿನ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. 1935ರಲ್ಲಿ ಟಾಮ್ ಬ್ಲೇಕ್ ಎಂಬ ಅಮೆರಿಕದವರು ಬೋರ್ಡಿನ ಅಡಿಗೆ ಫಿನ್ ಹಚ್ಚುವವರೆಗೆ ಬೋರ್ಡುಗಳ ತಳ ಬೋಳಾಗಿಯೇ ಇತ್ತು. ಆಸ್ಟ್ರೇಲಿಯಾದ ಸೈಮನ್ ಆಂಡರ್ಸನ್ 1980ರ ದಶಕದ ಆರಂಭದಲ್ಲಿ ಮೂರು ಫಿನ್ನಿನ ಜೋಡಣೆಯನ್ನು ಗೆದ್ದು ತೋರಿಸಿದ ಮೇಲೆ ಅದೇ ರೂಢಿಯಾಯಿತು. ಮೊದಲ ಬೋರ್ಡಿಗೆ ಬಗ್ಗುವ ಪ್ಲಾಸ್ಟಿಕ್ ಫಿನ್ ಇದ್ದರೆ ಸಾಕು. ಗಟ್ಟಿ ಫಿನ್ ತೊಡೆ ಸೀಳುತ್ತದೆ. ಲೀಶಿನ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಬೋರ್ಡಿನಷ್ಟೇ ಉದ್ದದ್ದು, ಅಂದರೆ 8 ಅಡಿಗೆ 8 ಅಡಿಯದು, ಹೊಸದೇ ಕೊಳ್ಳಿ. ಹಳೆಯ ಲೀಶ್ ಒಣಗಿ ಒಳಗೇ ಬಿರಿದಿರುತ್ತದೆ, ತುಂಡಾಗುವ ತನಕ ಕಣ್ಣಿಗೆ ಕಾಣುವುದಿಲ್ಲ. ಹಿಂದೆ ಬರುವ ಕಾಲಿಗೆ ಕಟ್ಟಬೇಕು. ನನಗೆ ಬಲಗಾಲು ಹಿಂದೆ, ಮಗಳಿಗೆ ಎಡಗಾಲು.

ಈ ಬೋರ್ಡಿನ ಕೊರತೆಗಳನ್ನೂ ಹೇಳಬೇಕು. ಗಾಳಿ ಎದ್ದರೆ ಇದು ಹಾಯಿಯಂತೆ ತುಂಬಿಕೊಂಡು ನಿಮ್ಮನ್ನು ದಂಡೆಯ ಮೇಲೆ ಎಳೆದಾಡುತ್ತದೆ. ಹನ್ನೊಂದರ ಮೇಲೆ ಕಡಲ ಗಾಳಿ ಶುರುವಾದ ಹೊತ್ತಿಗೆ ಅದನ್ನು ಹೊತ್ತು ನಡೆಯುವುದು ಒಂದು ಕುಸ್ತಿ. ಎದುರಿನಿಂದ ನೊರೆ ಬಂದರೆ ಸಣ್ಣ ಬೋರ್ಡಿನವರು ಬಾತುಕೋಳಿಯಂತೆ ಅಡಿಗೆ ಮುಳುಗಿ ಆಚೆ ಏಳುತ್ತಾರೆ. ಇದನ್ನು ಮುಳುಗಿಸಲು ಸಾಧ್ಯವೇ ಇಲ್ಲ. ಬೋರ್ಡಿನ ಸಮೇತ ಆಮೆಯಂತೆ ಅಂಗಾತ ಉರುಳಿ, ಕೆಳಗಿನಿಂದ ಗಟ್ಟಿಯಾಗಿ ಹಿಡಿದುಕೊಂಡು ಅಲೆಯನ್ನು ಮೇಲೆ ಹೋಗಲು ಬಿಡಬೇಕು. ಅದನ್ನು ಕಲಿಯಲು ನನಗೆ ಮೂರು ತಿಂಗಳು ಹಿಡಿಯಿತು, ಮೂಗಿನೊಳಗೆ ಹೋದ ಉಪ್ಪುನೀರಿಗೆ ಲೆಕ್ಕವಿಲ್ಲ. ಮೇಲಿನ ಫೋಮು ಎದೆ, ಹೊಟ್ಟೆ ತಿಕ್ಕಿ ಚರ್ಮ ಕೆಂಪಗೆ ಮಾಡುತ್ತದೆ. ತುಂಬುತೋಳಿನ ಬಿಗಿ ಅಂಗಿ, ಇಲ್ಲಿ ರ‍್ಯಾಶ್‌ಗಾರ್ಡ್ ಅನ್ನುತ್ತಾರೆ, ಇಲ್ಲದೆ ಇಳಿಯಬೇಡಿ. ಫೋಮು ಹಳತಾದ ಮೇಲೆ ಜಾರುತ್ತದೆ, ಮೇಣ, ಅಂದರೆ ವ್ಯಾಕ್ಸ್, ತಿಕ್ಕಬೇಕು. ಉಷ್ಣವಲಯದ ನೀರಿಗೆಂದು ಬರುವ ಗಟ್ಟಿ ವ್ಯಾಕ್ಸನ್ನೇ ಕೇಳಿ ತಗೊಳ್ಳಿ, ತಣ್ಣೀರಿನದು ಗೋವಾದ ಬಿಸಿಲಿಗೆ ಬೆಣ್ಣೆಯಾಗುತ್ತದೆ. ಚುರುಕಾಗಿ ತಿರುಗುವುದಂತೂ ಈ ಬೋರ್ಡಿನ ಗುಣವಲ್ಲ. ನೇರ ಬರುವುದು, ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ವಾಲುವುದು, ಇಷ್ಟಕ್ಕೆ ಒಂದೆರಡು ವರ್ಷ ಸಾಕಾಗುತ್ತದೆ. ನನಗೆ ಇನ್ನೂ ಸಾಕಾಗಿಲ್ಲ.

ವಾಸ್ಕೋದಿಂದ ಅಶ್ವೆಂ ಐವತ್ತು ಕಿಲೋಮೀಟರಿನ ಮೇಲಾಗುತ್ತದೆ. ಜುವಾರಿಯ ಹೊಸ ಸೇತುವೆ, ಪಣಜಿಯಲ್ಲಿ ಅಟಲ್ ಸೇತು, ಶಿವೋಲಿಯಲ್ಲಿ ಶಾಪೋರಾ ನದಿಯ ಸೇತುವೆ, ಮೂರು ನದಿ ದಾಟಬೇಕು. ಬೋರ್ಡು ಕಾರಿನ ಮಾಡಿನ ಮೇಲೆ. ಹಳೆಯ ಯೋಗ ಚಾಪೆ ಎರಡು ಸುರುಳಿ ಮಾಡಿ ಅಡಿಗೆ ಕೊಟ್ಟು, ಫಿನ್ ಬಿಚ್ಚಿ, ಎರಡು ಬೆಲ್ಟಿನಲ್ಲಿ ಬಾಗಿಲ ಒಳಗಿಂದ ಬಿಗಿಯುತ್ತೇನೆ. ಬೆಲ್ಟಿಗೆ ಒಂದು ತಿರುಚು ಕೊಟ್ಟರೆ ಗಾಳಿಗೆ ಗುಂಯ್ ಎಂದು ಅರಚುವುದಿಲ್ಲ. ಇದು ನನಗೆ ಎರಡನೇ ತಿಂಗಳು ತಿಳಿಯಿತು, ಅಲ್ಲಿಯವರೆಗೆ ಸೇತುವೆ ಮೇಲೆ ಮಾತಾಡಲು ಆಗುತ್ತಿರಲಿಲ್ಲ. ಅಶ್ವೆಂ ಕಡೆ ಉಳಿದುಕೊಳ್ಳುವವರಿಗೆ ಪಕ್ಕದಲ್ಲಿ ಕಬ್ಬಿಣದ ಕೊಕ್ಕೆ ಹಚ್ಚಿದ ಸ್ಕೂಟರುಗಳು ಬಾಡಿಗೆಗೆ ಸಿಗುತ್ತವೆ. ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ 8 ಅಡಿ ಹಿಡಿಯುವುದಿಲ್ಲ, ಮೂರು ಮಹಡಿ ಮೆಟ್ಟಿಲು ಹತ್ತಿಸಬೇಕು. ಮೊದಲ ದಿನ ನನ್ನ ಹೆಂಡತಿ ಬಾಗಿಲಲ್ಲೇ ನಿಂತು "ಇದನ್ನೆಲ್ಲಿ ಇಡಾವ್ರು ನೀವು?" ಎಂದು ಕೇಳಿದಳು. ಆಮೇಲೆ ಅವಳೇ ಮಂಚದ ತಲೆಭಾಗ ಗೋಡೆಯಿಂದ ಐದು ಇಂಚು ಈಚೆ ಎಳೆದು ಜಾಗ ಮಾಡಿಕೊಟ್ಟಳು. ಕೊಳ್ಳುವ ಮೊದಲು ಮನೆಯಲ್ಲಿ ಟೇಪು ಹಿಡಿದು ಅಳೆಯಿರಿ.

ಬಿಸಿಲು ಇದರ ದೊಡ್ಡ ವೈರಿ. ಸಮುದ್ರದಲ್ಲಿ ಎಷ್ಟು ಹೊತ್ತಾದರೂ ಇರಲಿ, ಏನೂ ಆಗುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಗಾಜು ಮುಚ್ಚಿದ ಕಾರಿನಲ್ಲಿ ಬಿಟ್ಟರೆ ಒಳಗಿನ ಗಾಳಿ ಉಬ್ಬಿ ಪದರ ಬಿಡುತ್ತದೆ. ನೆರಳಿನಲ್ಲಿ ಒಣಗಿಸಿ, ಸಿಹಿನೀರಲ್ಲಿ ತೊಳೆದಿಡಿ. ಹರಿದರೆ ಸಿಕ್ಕ ಅಂಟು ಹಚ್ಚಬೇಡಿ. ಪೆಟ್ರೋಲು ಬಿದ್ದ ಥರ್ಮಾಕೋಲು ಏನಾಗುತ್ತದೆಂದು ನೋಡಿದ್ದೀರಲ್ಲ, ಚಪ್ಪಲಿ ಅಂಟಿಸುವ ಘಾಟು ವಾಸನೆಯ ಅಂಟಿನಲ್ಲೂ ಅಂಥದೇ ದ್ರಾವಕವಿರುತ್ತದೆ, ಒಳಗಿನದನ್ನು ತಿಂದು ಟೊಳ್ಳು ಮಾಡಿಬಿಡುತ್ತದೆ. ಎರಡು ಟ್ಯೂಬು ಕಲಸುವ ಎಪಾಕ್ಸಿ ಅಂಟು ಆಗುತ್ತದೆ. ಅದಕ್ಕೂ ಮೊದಲು ಗೀರನ್ನು ಎರಡು ಮೂರು ದಿನ ಪೂರ್ತಿ ಒಣಗಲು ಬಿಡಬೇಕು, ಇಲ್ಲವಾದರೆ ನೀರನ್ನು ಒಳಗೇ ಮುಚ್ಚಿದಂತೆ.

ಇನ್ನು ನಿಮಗೆ ಯಾವ ಅಳತೆ? ನಿಮ್ಮ ತೂಕದ ಕಿಲೋಗಿಂತ ಬೋರ್ಡಿನ ಲೀಟರು ಕಡಿಮೆಯಾಗಬಾರದು, ಹತ್ತು ಹೆಚ್ಚಿದ್ದರೆ ಚೆನ್ನ. 60 ಕಿಲೋದೊಳಗಿನವರಿಗೆ 7 ಅಡಿಯ ದಪ್ಪ ಬೋರ್ಡು ನಡೆಯುತ್ತದೆ, 90ರ ಹತ್ತಿರದವರು 9 ಅಡಿಗೆ ಹೋಗಬೇಕು. ಈಜು ಬರದವರು ಬೋರ್ಡಿನ ಯೋಚನೆಯನ್ನೇ ಸದ್ಯಕ್ಕೆ ಬದಿಗಿಟ್ಟು ಈಜು ಕಲಿಯಿರಿ, ಬೋರ್ಡು ತೇಲುತ್ತದೆಂದು ನಂಬಿ ಇಳಿಯಬೇಡಿ. ಲೀಶ್ ತುಂಡಾದ ಕ್ಷಣಕ್ಕೆ ನೀವು ಮತ್ತು ನೀರು ಇಬ್ಬರೇ. ಐದಾರು ಪಾಠ ಆಗುವ ತನಕ ಬಾಡಿಗೆಯದೇ ಸಾಕು. ಬೇರೆ ಬೇರೆ ಅಳತೆಯದನ್ನು ಕೇಳಿ ಪಡೆಯಿರಿ, ಪ್ರತಿಯೊಂದರ ಲೀಟರು ಬರೆದಿಟ್ಟುಕೊಳ್ಳಿ. ಹೊಸದನ್ನೇ ಕೊಳ್ಳುವುದಾದರೆ ಸಾಗಣೆಯ ಖರ್ಚು ಮೊದಲು ಕೇಳಿ. ನಾನು ವಿಚಾರಿಸಿದಾಗ 8 ಅಡಿಯ ಪೆಟ್ಟಿಗೆಗೆ ಕೊರಿಯರಿನವರು ಹೇಳಿದ ಹಣದಲ್ಲಿ ಎರಡು ಲೀಶ್ ಬರುತ್ತಿತ್ತು.

ಮೆತ್ತನೆಯ ಬೋರ್ಡು ಎಂದು ಯಾರೂ ಸದರ ಮಾಡಬೇಡಿ. ಬೋರ್ಡು 8 ಅಡಿ, ಲೀಶ್ 8 ಅಡಿ. ನೀವು ಬಿದ್ದಾಗ ಸುತ್ತ 16 ಅಡಿಯಲ್ಲಿ ಯಾವ ಮಗುವಿನ ತಲೆ ಇದ್ದರೂ ಅದಕ್ಕೆ ಬಡಿಯುತ್ತದೆ. ಕೆಂಪು ಹಳದಿ ಬಾವುಟಗಳ ನಡುವಿನ ಜಾಗ ಈಜುವವರದು, ಅಲ್ಲಿ ಬೋರ್ಡು ಒಯ್ಯಬಾರದು. ದಂಡೆಯಲ್ಲಿರುವ ದೃಷ್ಟಿ ಮರೀನ್ ಸಂಸ್ಥೆಯ ಜೀವರಕ್ಷಕರನ್ನು ಇಳಿಯುವ ಮುನ್ನ ಮಾತಾಡಿಸಿ. ಇವತ್ತು ಸೆಳೆತ ಎಲ್ಲಿದೆ ಎಂದು ಅವರಿಗಿಂತ ಚೆನ್ನಾಗಿ ಯಾರೂ ಹೇಳಲಾರರು. ಬೋರ್ಡನ್ನು ನಿಮಗೂ ಅಲೆಗೂ ನಡುವೆ ಅಡ್ಡ ಹಿಡಿಯಬೇಡಿ, ಮುಖಕ್ಕೇ ಬರುತ್ತದೆ. ಬಿದ್ದರೆ ಚಪ್ಪಟೆಯಾಗಿ ಬೀಳಿ, ಏಳುವಾಗ ಎರಡೂ ಕೈ ತಲೆಯ ಮೇಲಿರಲಿ. ಮೊರ್ಜಿಂ ಕಡೆ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ, ಬಲೆ ಕಟ್ಟಿ ಕಾಯ್ದ ಜಾಗವನ್ನು ಸುತ್ತಿ ಬಳಸಿ ಹೋಗಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆಗಾಲದ ಸಮುದ್ರ ನಮ್ಮಂಥ ಹೊಸಬರದಲ್ಲ.

ಚೂಪು ಮೂತಿಯ ಬೋರ್ಡು ಇನ್ನೂ ಮನೆಯಲ್ಲಿದೆ. ಕೊಂಡ ಬೆಲೆಯ ಅರ್ಧಕ್ಕೆ ಕೇಳಿದವರಿದ್ದರು, ಅವರೂ ಹೊಸಬರು, ಅದಕ್ಕೇ ಕೊಡಲಿಲ್ಲ. ಮಗಳು ದೊಡ್ಡವಳಾದ ಮೇಲೆ ನೋಡೋಣ. ನಾಲ್ಕು ತುಂಡು ಮೂರಾಗುವ ಹಾಗೆ, ಮುಂದಿನ ವರ್ಷ ಅವಳಿಗೆ 7 ಅಡಿಯದೊಂದು ಹುಡುಕಬೇಕು.

ನೀಲಿಯದು ಸದ್ಯಕ್ಕೆ ಮಂಚದ ಹಿಂದೆ ನಿಂತಿದೆ, ಮಳೆ ಇನ್ನೂ ಪೂರ್ತಿ ಬಿಟ್ಟಿಲ್ಲ. ಅಕ್ಟೋಬರಿನಿಂದ ಭಾನುವಾರ ಬೆಳಗ್ಗೆ ಆರೂವರೆಯಿಂದ ಒಂಬತ್ತರವರೆಗೆ ನಾವು ಅಶ್ವೆಂನಲ್ಲಿ ಇರುತ್ತೇವೆ. ವಾಸ್ಕೋ, ಮಡಗಾಂವ್, ಪಣಜಿ ಕಡೆಯ ನಮ್ಮ ಜನ ಯಾರಾದರೂ ಕೊಳ್ಳುವ ಮುನ್ನ 84 ಲೀಟರ್ ಅಂದರೆ ಹೇಗಿರುತ್ತದೆಂದು ಮಲಗಿ ನೋಡಬೇಕೆಂದರೆ ಬನ್ನಿ, ಕೊಡುತ್ತೇನೆ. ನಿಮ್ಮ ತೂಕ ಮಾತ್ರ ಮನೆಯಲ್ಲೇ ನೋಡಿಕೊಂಡು ಬನ್ನಿ.